ಕುದಿಸಿದ ಕಾಳು

"ಇದು ಗುಳ್ಳಿ ಅಲ್ಲ," ಅಂದಳು ವಿಶಾಖಾ.

ಪರದೆಯ ಮೇಲೆ ಸಿಮೆಂಟಿನ ಕ್ಯೂಬು ಪದರ ಪದರವಾಗಿ ಇಳಿಯುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಗಾರೆಯ ತುಂಡು. ಎಕ್ಸ್‌ರೇ ಯಂತ್ರ ಅದನ್ನು ಒಡೆಯದೆಯೇ ಒಳಗು ತೋರಿಸುತ್ತಿತ್ತು. ಬೂದು, ಮತ್ತೆ ಬೂದು. ಗಾಳಿಯ ಗುಳ್ಳೆಗಳು ಕಪ್ಪಾಗಿ ಬಂದು ಕಪ್ಪಾಗಿಯೇ ಹೋಗುತ್ತಿದ್ದವು. ಮೇಲ್ಮೈಯಿಂದ ಒಂದು ಉಗುರಿನಷ್ಟು ಕೆಳಗೆ ಒಂದು ಆಕಾರ ಮಾತ್ರ ದುಂಡಗಿರಲಿಲ್ಲ. ಉದ್ದಕ್ಕಿತ್ತು. ಎರಡೂ ತುದಿ ಚೂಪು.

"ಗುಳ್ಳಿ ಅಲ್ಲಂದ್ರ ಏನ್ರಿ ಮತ್ತ? ಇರುವಿ ಸಿಕ್ಕೊಂಡು ಸತ್ತಿತ್ತೇನು?"

ಕೇಳಿದವನು ದೇವದುರ್ಗದ ಪಿಎಸ್‌ಐ ಉದಯಕುಮಾರ. ಹೊರಗೇ ನಿಂತು ಕತ್ತು ಮಾತ್ರ ಒಳಗೆ ಹಾಕಿದ್ದ.

"ಒಳಗ ಬರ್ರಿ ಸಾಹೇಬ್ರ. ಮಷಿನ್ ಬಂದ್ ಅದ."

"ಬ್ಯಾಡ್ರಿ. ನಂದಿನ್ನಾ ಲಗ್ನ ಆಗಿಲ್ಲ."

ಅವಳು ನಗಲಿಲ್ಲ. ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ ದೊಡ್ಡದು ಮಾಡಿದಳು. ಸಿಪ್ಪೆಯ ಮೇಲಿನ ಉದ್ದುದ್ದ ಗೆರೆಗಳೂ ಕಂಡವು.

"ಕಾಳು," ಅಂದಳು. "ನೆಲ್ಲಿನ ಕಾಳು."

ಉದಯಕುಮಾರ ಲಗ್ನದ ಮಾತು ಮರೆತು ಒಳಗೆ ಬಂದ.

ಒಂದು ಭತ್ತದ ಕಾಳಿಗೆ ಇಷ್ಟು ಬೆಲೆ ಬರಲು ಕಾರಣವಿತ್ತು. ಮಸರಕಲ್ಲಿನ ಗೋದಾಮಿನ ಛತ್ತು ಕುಸಿದು ಹಮಾಲ ಖಾಜಾ ಅದರಡಿ ಸತ್ತಿದ್ದ. ಛತ್ತು ಹಾಕಿದ ಮೇಸ್ತ್ರಿ ಯಂಕೋಬ ಅಂದು ಸಂಜೆಯಿಂದಲೇ ಕಾಣೆ. ಗೋದಾಮಿನ ಗುತ್ತೇದಾರ ಪೋತ್ನಾಳದ ರೈಸ್ ಮಿಲ್ಲಿನ ಹಂಪಣ್ಣ. ಪೊಲೀಸರು ಕೇಳಿದಾಗ ಅವನು ಕೆಲವು ಕ್ಯೂಬುಗಳನ್ನು ತಂದುಕೊಟ್ಟಿದ್ದ. ಛತ್ತು ಹಾಕಿದ ದಿನವೇ, ಅದೇ ಮಾಲಿನಿಂದ ಪರೀಕ್ಷೆಗೆಂದು ತುಂಬಿಟ್ಟವು ಎಂದಿದ್ದ. ಮೇಲೆ ಎರಡು ವರ್ಷದ ಹಿಂದಿನ ತಾರೀಖು ಗೀಚಿತ್ತು. ಕ್ಯೂಬುಗಳು ಗಟ್ಟಿಯಾಗಿದ್ದವು. ಅಂದರೆ ಸಿಮೆಂಟಿನ ತಪ್ಪಿಲ್ಲ. ಅಂದರೆ ಖಾಜಾನ ಸಾವು ಮೇಸ್ತ್ರಿಯ ಕೈಯದು.

ಸಿಮೆಂಟಿನ ತಪ್ಪಿಲ್ಲ ಅನ್ನುವುದು ವಿಶಾಖಾಳಿಗೆ ಸಮಾಧಾನ ತರಬೇಕಿತ್ತು. ಅದು ಅವಳು ಕೆಲಸ ಮಾಡುವ ಈ ರಾಯಚೂರಿನ ಪ್ರಯೋಗಾಲಯದಲ್ಲೇ ಹದ ಮಾಡಿದ ಸಿಮೆಂಟು. ಸುಣ್ಣಕಲ್ಲು ಸುಡುವುದನ್ನು ಕಡಿಮೆ ಮಾಡಿ, ಆ ಜಾಗಕ್ಕೆ ಭತ್ತದ ಹೊಟ್ಟಿನ ಬೂದಿಯನ್ನು ನುಣ್ಣಗೆ ಅರೆದು ಸೇರಿಸಿದ್ದು. ಸುಣ್ಣಕಲ್ಲು ಸುಟ್ಟಾಗ ಗಾಳಿಗೆ ಹೋಗುವ ಇಂಗಾಲ ಅಷ್ಟರ ಮಟ್ಟಿಗೆ ತಪ್ಪುತ್ತದೆ. ಹೊಟ್ಟಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಜನ ಅದನ್ನು ಬೂದಿ ಸಿಮೆಂಟು ಅನ್ನುತ್ತಿದ್ದರು. ಖಾಜಾ ಸತ್ತ ಮೇಲೂ ಅದೇ ಹೆಸರು. ದನಿ ಮಾತ್ರ ಬೇರೆ.

"ಅಂದ್ರ ಕನಕಮ್ಮ ಹೇಳಿದ್ದು ಖರೇ," ಅಂದ ಉದಯಕುಮಾರ.

"ಖರೇ."

ಹೋದ ವಾರ ವಿಶಾಖಾ ಕುಸಿದ ಛತ್ತಿನ ತುಂಡು ಆರಿಸಲು ಮಸರಕಲ್ಲಿಗೆ ಹೋಗಿದ್ದಳು. ಯಂಕೋಬನ ಹೆಂಡತಿ ಕನಕಮ್ಮನಿಗೆ ಉದಯಕುಮಾರ ಮೊದಲೇ ಹೇಳಿಕಳಿಸಿದ್ದ. ಆಕೆ ಬಾಗಿಲ ಒಳಗೆ, ಗೋಡೆಗೆ ಬೆನ್ನು ಕೊಡದೆ ಕೂತಿದ್ದಳು. ಎದುರು ಕೂತವರ ಕಣ್ಣನ್ನೇ ನೋಡಿ ಮಾತಾಡುವ ಹೆಂಗಸು. ಅಳುವಾಗಲೂ ಕಣ್ಣು ಕೆಳಗೆ ಹಾಕಲಿಲ್ಲ.

"ಆತ ಯಾವ ಕೆಲ್ಸ ಮುಗಿಸಿದ್ರೂ ಹಸಿ ಮಾಲಿನ್ಯಾಗ ಒಂದ್ ನೆಲ್ಲಿನ ಕಾಳು ಒತ್ತತಿದ್ದ್ರಿ, ಹೆಬ್ಬೆರಳಿಲೆ. ಬಿತ್ತನೆ ಕಾಳು. ಟವೆಲ್ ತುದೀಗೆ ಗಂಟು ಹಾಕ್ಕೊಂಡೇ ತಿರಗತಿದ್ದ. ಕಟ್ಟಿಸಿದವರ ಮನಿ ಬೆಳೀಲಿ ಅಂತ."

"ಊರಾಗ ಎಲ್ಲಾರಿಗೂ ಗೊತ್ತದೇನ್ರಿ ಇದು?"

"ಯಾರಿಗೂ ಗೊತ್ತಿಲ್ಲ. ಹೇಳಿದ್ರ ಫಲ ಇರಂಗಿಲ್ಲಂತ. ನನಗೊಬ್ಬಾಕಿಗೇ ಹೇಳಿದ್ದ, ಅದೂ ಲಗ್ನಾದ ಹೊಸದಾಗ, ಏನರ ಮಾತಾಡ್ಬೇಕಲ್ಲ ಅಂತ." ಆಕೆ ಅಷ್ಟರಲ್ಲೂ ನಕ್ಕುಬಿಟ್ಟಳು. ಆಮೇಲೆ ಕೇಳಿದಳು: "ನಿಮ್ಮ ಮಷಿನ್‌ಗೆ ಅದು ಕಾಣ್ತದೇನ್ರಿ?"

"ಕಾಣ್ತದ."

ಆಕೆ ವಿಶಾಖಾಳ ಕೈ ಹಿಡಿದುಕೊಂಡಳು. "ಹಂಗಾರ ಹುಡುಕ್ರಿ ಯವ್ವಾ. ಆ ಕ್ಯೂಬಿನ್ಯಾಗ ಹುಡುಕ್ರಿ. ಮನಿ ಬೆಳೀಲಿ ಅಂತ ಕಾಳು ಒತ್ತಾವ ಛತ್ತು ಕೆಡವತಾನೇನು? ನನ್ನ ಗಂಡ ಕೊಲೆಗಾರ ಅಲ್ಲ ಅಂತ ಅದೊಂದು ಕಾಳರ ಹೇಳ್ಲಿ."

ಹುಡುಕುತ್ತೇನೆ ಎಂದು ವಿಶಾಖಾ ಮಾತು ಕೊಟ್ಟು ಎದ್ದಳು. ಹೊರಗೆ ನಳದ ಹತ್ತಿರ ಖಾಜಾನ ಹೆಂಡತಿ ಹೀರಾಬಿ ಕೊಡ ಇಟ್ಟುಕೊಂಡು ನಿಂತಿದ್ದಳು. ಕನಕಮ್ಮ ತನ್ನ ಕೊಡ ತಂದಾಗ ಹೀರಾಬಿ ತನ್ನದನ್ನು ಅರ್ಧಕ್ಕೇ ಎತ್ತಿಕೊಂಡಳು. ಬೈಗುಳವಿಲ್ಲ, ನೋಟವಿಲ್ಲ. ವಿಶಾಖಾಳ ಪಕ್ಕದಿಂದ ಹಾದುಹೋಗುವಾಗ ಮಾತ್ರ ನಿಂತಳು.

"ಮಷಿನ್‌ನ್ಯಾಗ ಎಲ್ಲಾ ಕಾಣ್ತದಂತ. ನಮ್ಮವ್ರೂ ಕಾಣ್ತಾರೇನ್ರಿ?"

ಪ್ರಯೋಗಾಲಯದ ಪರದೆಯ ಮೇಲೆ ಈಗ ಕಾಣುತ್ತಿದ್ದದ್ದು ಆ ಕಾಳು ಮಾತ್ರ.

"ಕಾಳು ಸಿಕ್ತು," ಅಂದ ಉದಯಕುಮಾರ, ಕುರ್ಚಿ ಎಳೆದುಕೊಂಡು. "ಯಂಕೋಬನೇ ತುಂಬಿದ ಕ್ಯೂಬು. ಹಂಪಣ್ಣ ಹೇಳಿದ್ದೂ ಸುಳ್ಳಲ್ಲ ಅಂದಂಗಾತು."

"ಇನ್ನೊಂದು ತೋರಸ್ತೀನಿ, ನೋಡ್ರಿ."

ಅವಳು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಳು. ಎಡಗಡೆ ಕುಸಿದ ಛತ್ತಿನಿಂದ ಕೊರೆದ ಕಡ್ಡಿಯಷ್ಟು ತೆಳು ತುಂಡು. ಬಲಗಡೆ ಕ್ಯೂಬಿನಿಂದ ಕೊರೆದದ್ದು. ಕೂದಲೆಳೆಗಿಂತ ಸಣ್ಣದನ್ನೂ ಹಿಗ್ಗಿಸಿ ತೋರಿಸುವ ಚಿತ್ರಗಳು.

"ಬೆಳ್ಳಗ ಹೊಳಿಯೂದು ಕಾಣ್ತದಲ್ರಿ? ಅದು ಇನ್ನಾ ನೀರು ಕುಡೀದ ಸಿಮೆಂಟ್ ಕಣ. ದಿನಾ ಹೋದಂಗ ಅದು ಕರಗತದ, ಸಣ್ಣಾಗತದ. ಬೂದಿ ಸಿಮೆಂಟ್ ನಿಧಾನ. ವರ್ಷಗಟ್ಟಲೆ ಒಳಗೊಳಗ ಕೆಲಸ ನಡಸ್ತದ."

ಎಡಗಡೆಯ ಚಿತ್ರದಲ್ಲಿ ಬಿಳಿ ಚುಕ್ಕೆಗಳು ಸವೆದು ವಿರಳವಾಗಿದ್ದವು. ಬಲಗಡೆ ಒತ್ತೊತ್ತಾಗಿ, ಅಂಚು ಮಾಸದೆ ಹೊಳೆಯುತ್ತಿದ್ದವು.

"ಛತ್ತಿಗೆ ಎರಡು ವರ್ಷ ಆಗ್ಯದ," ಅಂದಳು. "ಕ್ಯೂಬು ಕೂಸು. ಛತ್ತು ಬಿದ್ದ ಮ್ಯಾಲೆ ತುಂಬ್ಯಾರ."

ಉದಯಕುಮಾರ ಎರಡನ್ನೂ ಬಹಳ ಹೊತ್ತು ನೋಡಿದ. ಎಡಚಿತ್ರದ ಮೇಲೆ ಬೆರಳಿಟ್ಟ. "ಇದೇನ್ರಿ, ಜೇನಗೂಡಿನಂಗ?"

"ಅದು ಅರೀಲಾರದ ಬೂದಿ. ಹೊಟ್ಟಿನ ಗೂಡು ಗೂಡು ಹಂಗೇ ಉಳದದ. ಬಾಯ್ಲರಿನಿಂದ ತಗದು ಸೀದಾ ಹಾಕ್ಯಾರ. ಅದು ಸಿಮೆಂಟಿಗೆ ಕೂಡಂಗಿಲ್ಲ, ಸುಮ್ನ ಪೊಳ್ಳಾಗಿ ಕುಂದರ್ತದ. ಕ್ಯೂಬಿನ್ಯಾಗ ಹುಡುಕಿದ್ರ ಇಂಥದ್ದು ಒಂದೂ ಇಲ್ಲ. ಛತ್ತಿನ ಮಾಲೇ ಬ್ಯಾರೆ, ಕ್ಯೂಬಿನ ಮಾಲೇ ಬ್ಯಾರೆ."

"ಅಂದ್ರ ಕ್ಯೂಬು ಸುಳ್ಳು."

"ಸುಳ್ಳು."

"ಸುಳ್ಳು ಕ್ಯೂಬಿನ್ಯಾಗ ಯಂಕೋಬನ ಕಾಳು." ಅವನ ದನಿ ಇಳಿಯಿತು. "ಅಂದ್ರ ಮನುಷ್ಯಾ ಜೀವಂತ ಅದಾನ. ಓಡಿಹೋದ ಮ್ಯಾಲೆ ಕುಂತು ಸುಳ್ಳು ಸಾಕ್ಷಿ ತಯಾರು ಮಾಡ್ಯಾನ. ಮೇಡಂ, ನಾಳೆ ಮಧ್ಯಾಹ್ನದೊಳಗ ರಿಪೋರ್ಟ್ ಬೇಕು. ಕಾಳಿನ ವಿಷಯನೂ ಬರೀರಿ."

"ಕನಕಮ್ಮ ಅದನ್ನ ಹೇಳಿದ್ದು ಗಂಡನ್ನ ಉಳಿಸ್ಲಿಕ್ಕೆ."

"ಕಾಳಿಗೆ ಅದು ಗೊತ್ತಿಲ್ಲಲ್ರಿ," ಅಂದು ಅವನು ಟೊಪ್ಪಿಗೆ ಎತ್ತಿಕೊಂಡ.

ಅವನು ಹೋದ ಮೇಲೆ ಕಟ್ಟಡದಲ್ಲಿ ಅವಳೊಬ್ಬಳೇ ಉಳಿದಳು. ಅದೇನೂ ಹೊಸದಲ್ಲ. ಈ ಯಂತ್ರ ನಡೆಯುವಾಗ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದೆ; ಉರಿಯುವಷ್ಟು ಹೊತ್ತು ಯಾರೂ ಒಳಗೆ ಬರಬಾರದು. ಮೊದಮೊದಲು ಅವಳಿಗೆ ಆ ದೀಪ ಇಷ್ಟವಾಗಿತ್ತು. ಈಗ ದೀಪ ಆರಿದ್ದಾಗಲೂ ಯಾರೂ ಬರುವುದಿಲ್ಲ. ಬುತ್ತಿ ಬಿಚ್ಚಿ, ಪರದೆಯ ಮುಂದೆಯೇ ಉಂಡಳು. ಕಾಳು ಬೂದುಬಣ್ಣದ ನಡುವೆ ಒಂಟಿಯಾಗಿ ಮಲಗಿತ್ತು. ಬೇರೆಯವರ ಹೆಂಡತಿ ಹೇಳಿದ ಗುಟ್ಟು. ಅದನ್ನು ಅವಳೇ ಕೋರ್ಟಿಗೆ ಕೊಡಬೇಕು.

ಉಣ್ಣುತ್ತಿದ್ದ ಕೈ ನಿಂತಿತು.

ಸಿಪ್ಪೆಯ ಸೇರುಗೆರೆ ಬಿಚ್ಚಿಕೊಂಡಿತ್ತು. ಒಳಗಿನ ಅಕ್ಕಿ ಉಬ್ಬಿ ಸಿಪ್ಪೆಗೆ ಅಂಟಿತ್ತು.

ಅವಳು ಬಿಸಿಲಲ್ಲೇ ಆಟೋ ಹತ್ತಿ ಗಂಜ್ ಮಾರುಕಟ್ಟೆಗೆ ಹೋದಳು. ದಲಾಲಿ ಅಂಗಡಿಯೊಂದರಲ್ಲಿ ಬಿತ್ತನೆ ಭತ್ತದ್ದು ಒಂದು ಕಾಳು, ಮಿಲ್ಲಿನಲ್ಲಿ ಕುದಿಸಿ ಒಣಗಿಸಿದ ಭತ್ತದ್ದು ಒಂದು ಕಾಳು ಬೇಕು ಅಂದಳು.

"ಒಂದೊಂದೇ ಕಾಳಾ?" ಅಂಗಡಿಯವನು ತಲೆಯಿಂದ ಕಾಲವರೆಗೆ ನೋಡಿದ. "ಮನ್ಯಾಗ ಎಷ್ಟ್ ಮಂದಿ ಅದೀರವ್ವಾ?"

"ಒಬ್ಬಾಕಿ."

"ಹಂಗಾರ ಸಾಕು ಬಿಡು."

ಎರಡನ್ನೂ ಯಂತ್ರದೊಳಗಿಟ್ಟು, ಕೆಂಪು ದೀಪದ ಹೊರಗೆ ಕೂತು ಕಾದಳು. ಬಿತ್ತನೆ ಕಾಳಿನ ಒಳಗೆ ಸಣ್ಣ ಬಿರುಕುಗಳಿದ್ದವು, ಮೂಲೆಯಲ್ಲಿ ಮೊಳಕೆಯ ಕಣ್ಣು ಇಡಿಯಾಗಿತ್ತು, ಅಕ್ಕಿಗೂ ಸಿಪ್ಪೆಗೂ ನಡುವೆ ತೆಳು ಸಂದಿ. ಕುದಿಸಿದ ಕಾಳಿನಲ್ಲಿ ಬಿರುಕುಗಳೆಲ್ಲ ಬೆಂದು ಕೂಡಿಕೊಂಡು ಒಳಗು ಗಾಜಿನಂತೆ ಒಂದೇ ಆಗಿತ್ತು. ಸಿಪ್ಪೆ ಬಾಯಿ ಬಿಟ್ಟಿತ್ತು. ಕ್ಯೂಬಿನ ಕಾಳು ಎರಡನೆಯದರ ತದ್ರೂಪ. ಸಿಮೆಂಟಿನ ಸುಣ್ಣನೀರು ಕಾಳಿನ ಸಿಪ್ಪೆಯನ್ನು ಕಂದಿಸಬಲ್ಲದು, ಒಳಗನ್ನು ಬೇಯಿಸಲಾರದು.

ಮನೆ ಬೆಳೆಯಲಿ ಎಂದು ಒತ್ತುವವನು ಮೊಳೆಯದ ಕಾಳು ಒತ್ತುತ್ತಾನೆಯೇ? ಟವೆಲಿನ ತುದಿಯಲ್ಲಿ ಕುದಿಸಿದ ಭತ್ತ ಯಾರು ಕಟ್ಟಿಕೊಳ್ಳುತ್ತಾರೆ? ಅಂಥ ಕಾಳು ಕಾಲಡಿ ಬಿದ್ದಿರುವುದು ಒಂದೇ ಕಡೆ: ಕುದಿಸಿದ್ದನ್ನು ಒಣಹಾಕುವ ಮಿಲ್ಲಿನ ಕಣದಲ್ಲಿ.

ಮರುದಿನ ಬೆಳಿಗ್ಗೆ ಸಿಂಧನೂರಿನ ಬಸ್ಸಿನಲ್ಲಿ ಕೂತು ಅವಳು ಉದಯಕುಮಾರನಿಗೆ ಫೋನು ಮಾಡಿದಳು.

"ಪೋತ್ನಾಳ ನನ್ನ ಹದ್ದಿನ್ಯಾಗ ಬರಂಗಿಲ್ರಿ," ಅಂದ. "ಮಾನ್ವಿ ಠಾಣಿಗೆ ಹೇಳಿ, ಅವರನ್ನ ಕರ್ಕೊಂಡು ಬರ್ತೀನಿ. ಅಲ್ಲಿ ತನಕ ಒಬ್ರೇ ಹೋಗಬ್ಯಾಡ್ರಿ."

"ಹೂಂ," ಅಂದಳು. ಬಸ್ಸು ಆಗಲೇ ಮಾನ್ವಿ ದಾಟಿತ್ತು.

*

ಮಿಲ್ಲು ರಸ್ತೆಗೇ ಹತ್ತಿಕೊಂಡಿತ್ತು. ಬೆಂದ ಭತ್ತದ ಹುಳಿಮಿಶ್ರಿತ ವಾಸನೆ, ಹಿಂದೆ ಹೊಟ್ಟಿನ ಗುಡ್ಡ, ಬಾಯ್ಲರಿನ ಬದಿಗೆ ಕಪ್ಪು ಬೂದಿ. ಅಗಲವಾದ ಸಿಮೆಂಟಿನ ಕಣದ ಮೇಲೆ ಭತ್ತ ಹರಡಿತ್ತು. ಧೂಳಿಗೆ ಮುಖ ಮುಚ್ಚಿ ಬಟ್ಟೆ ಕಟ್ಟಿಕೊಂಡ ಹೆಂಗಸರು ಸಾಲಾಗಿ, ಕಾಲಿನಿಂದಲೇ ಕಾಳು ತಿರುವುತ್ತ ನಡೆಯುತ್ತಿದ್ದರು. ಕಣದ ಆ ತುದಿಗೆ ಹೋಗಿ ತಿರುಗುತ್ತಿದ್ದರು. ಮತ್ತೆ ಈ ತುದಿಗೆ.

ಹಂಪಣ್ಣ ಅಂಕಣದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹಣೆಗೆ ವಿಭೂತಿ, ಬಿಳಿ ಧೋತರ, ಮಾತಾಡುವ ಮೊದಲೇ ಕೈಮುಗಿಯುವ ಸೌಜನ್ಯ.

"ಬರ್ರಿ ಬರ್ರಿ ಮೇಡಂ. ಕುಂದರ್ರಿ. ಬಿಸಿಲಾಗ ಯಾಕ ಬಂದ್ರಿ, ಹೇಳಿದ್ರ ಗಾಡಿ ಕಳಸ್ತಿದ್ದೆ. ಯಾವೂರು ಯವ್ವಾ ನಿಮ್ಮದು?"

"ಕವಿತಾಳ."

"ಹೌದಾ! ಯಾರ ಪೈಕಿ?"

"ಸಿಮೆಂಟಿನ ಪೈಕಿ," ಅಂದಳು ವಿಶಾಖಾ.

ಹಂಪಣ್ಣ ಜೋರಾಗಿ ನಕ್ಕ. ನಗೆ ಮುಗಿದ ಮೇಲೂ ಅವಳನ್ನೇ ನೋಡುತ್ತಿದ್ದ.

"ನೀವು ಕೊಟ್ಟ ಕ್ಯೂಬು ಛತ್ತು ಹಾಕಿದ ದಿನದ್ದಲ್ಲ," ಅಂದಳು.

"ಮ್ಯಾಲೆ ತಾರೀಖು ಬರದದಲ್ರಿ."

"ಮ್ಯಾಲೆ ಬರದದ. ನಾನು ಒಳಗ ನೋಡೀನಿ."

"ಒಳಗ ನೋಡೂದು ದೇವರ ಕೆಲ್ಸ. ನಾವು ಬರದಿದ್ದನ್ನ ಓದಾವ್ರು."

"ಛತ್ತಿನ್ಯಾಗ ಬಾಯ್ಲರಿನ ಬೂದಿ ಅರೀದೇ ಹಾಕ್ಯಾರ. ಕ್ಯೂಬಿನ್ಯಾಗ ಅರದ ಬೂದಿ ಅದ. ಛತ್ತು ಬಿದ್ದ ಮ್ಯಾಲೆ, ಚೊಲೋ ಮಾಲು ಕಲಸಿ, ಇದೇ ನಿಮ್ಮ ಮಿಲ್ಲಿನ್ಯಾಗ ಹೊಸಾ ಕ್ಯೂಬು ತುಂಬಿಸೀರಿ. ಅದರಾಗ ನಿಮ್ಮ ಕಣದ ಕುದಿಸಿದ ಕಾಳು ಸಿಕ್ಕದ."

"ಕಾಳು ಗಾಳಿಗೆ ಹಾರಿ ಬಿದ್ದಿರ್ತದ."

"ಗಾಳಿಗೆ ಹಾರಿದ್ದು ಮ್ಯಾಲೆ ಕುಂದರ್ತದ್ರಿ. ಇದನ್ನ ಬೆರಳಿಲೆ ಒತ್ಯಾರ."

ಹಂಪಣ್ಣ ಹೆಗಲ ಮೇಲಿನ ವಸ್ತ್ರದಿಂದ ಕತ್ತು ಒರೆಸಿಕೊಂಡ. ಹೆಂಗಸರ ಸಾಲು ಹತ್ತಿರ ಬಂದು ತಿರುಗಿ ಹೋಗುವುದನ್ನು ನೋಡಿ, ದನಿ ತಗ್ಗಿಸಿದ.

"ಬೂದಿ ಅರಿಯೂದು ಬಿಡೂದು ಮೇಸ್ತ್ರಿಗೆ ಬಿಟ್ಟಿದ್ದೆ."

"ಮೇಸ್ತ್ರಿ ಹತ್ರ ಅರಿಯೂ ಮಷಿನ್ ಎಲ್ಲಿತ್ರಿ? ಅದು ಇರೂದು ನಿಮ್ಮ ಹತ್ರ. ಯಂಕೋಬ ಚೀಲ ಬಿಚ್ಚಿ ಸುರುವಿರ್ತಾನ, ಅಷ್ಟೇ. ಎರಡೂ ಬೂದಿ ಚೀಲದಾಗ ಕಪ್ಪೇ ಕಾಣ್ತಾವ."

"ಹಿಂಗ ಮಾಡ್ರಿ." ಹಂಪಣ್ಣ ಕುರ್ಚಿಯಲ್ಲೇ ಹಿಂದೆ ತಿರುಗಿದ. "ನಾನ್ಯಾಕ ವಾದ ಮಾಡ್ಲಿ. ಆತನ್ನೇ ಕೇಳ್ರಿ. ಲೇ ಯಂಕೋಬಾ!"

ವಿಶಾಖಾ ಅವನು ತಿರುಗಿದ ಕಡೆಗೇ ತಿರುಗಿದಳು.

ಅಕ್ಕಿ ಚೀಲಗಳ ಅಟ್ಟಿಯ ಹಿಂದಿನಿಂದ ಒಬ್ಬ ಗಂಡಸು ಬಂದ. ಗಡ್ಡ ಬೆಳೆದಿತ್ತು. ಹಗ್ಗವಿಲ್ಲ, ಗಾಯವಿಲ್ಲ, ಕಾವಲಿಗೆ ಯಾರೂ ಇಲ್ಲ. ಬಿಸಿಲು ಬೀಳುವ ಗೆರೆಯ ತನಕ ಬಂದು ಅಲ್ಲೇ ನಿಂತ. ಕಣ್ಣು ನೆಲದ ಮೇಲಿತ್ತು.

"ಹೇಳಪಾ," ಅಂದ ಹಂಪಣ್ಣ, ಮೆತ್ತಗೆ. "ನಾ ನಿನ್ನ ಕಟ್ಟಿ ಹಾಕೀನೇನು?"

"ಇಲ್ರಿ ಧಣೇರ."

"ಕೇಳ್ರಿ ಮೇಡಂ. ತಾನೇ ಬಂದು ಕಾಲಿಗೆ ಬಿದ್ದ. ನೆರಳು ಕೊಟ್ಟೆ, ಊಟ ಕೊಟ್ಟೆ. ಪೊಲೀಸರಿಗೆ ಹೇಳಲಿಲ್ಲ, ಅದೊಂದು ನನ್ನ ತಪ್ಪು ಅನ್ರಿ." ಅವನು ಕಣದ ಕಡೆಗೆ ಕೂಗಿದ: "ಏ ಯಶೋದಾ! ಮೂರು ಚಾ ತಾ."

ಹೆಂಗಸರ ಸಾಲಿನಿಂದ ಒಬ್ಬಳು ಬೇರೆಯಾಗಿ ಬಾಯ್ಲರಿನ ಕಡೆಗೆ ಹೋದಳು.

"ಕ್ಯೂಬು ನಾನೇ ತುಂಬಿದ್ರಿ," ಅಂದ ಯಂಕೋಬ. ಯಾರೂ ಕೇಳಿರಲಿಲ್ಲ. "ಛತ್ತಿನ ಬೂದಿನೂ ನಾನೇ ಅರೀದ ಹಾಕಿದ್ದು. ತಾರೀಖೂ ನಾನೇ ಗೀಚಿದ್ದು. ಬರ್ಕೋರಿ."

"ಯಾರು ಹೇಳಿಕೊಟ್ರು ಹಿಂಗ ಹೇಳು ಅಂತ?"

"ಯಾರಿಲ್ರಿ."

"ಇದಕ್ಕ ಜೇಲಾಗ್ತದ, ಗೊತ್ತದಿಲ್ಲೋ?"

"ಜೇಲಾದ್ರ ಚೊಲೋನೇ ಆತಲ್ರಿ." ಅವನು ಅದನ್ನು ಬಸ್ಸು ಬಂದರೆ ಒಳ್ಳೆಯದು ಅನ್ನುವ ಹಾಗೆ ಹೇಳಿದ. "ಅಲ್ಲಿ ನನ್ನ ಗುರ್ತು ಹಿಡಿಯಾವ್ರು ಯಾರೂ ಇರಂಗಿಲ್ಲ."

"ಕನಕಮ್ಮ ನಿಮ್ಮ ಸಲುವಾಗಿ ಅಳಾಕತ್ಯಾಳ. ನನ್ನ ಗಂಡ ಕೊಲೆಗಾರ ಅಲ್ಲ ಅಂತ ನನ್ನ ಕೈ ಹಿಡಕೊಂಡು ಹೇಳ್ಯಾಳ. ನೀವಿಲ್ಲಿ ಹೌದು ಅಂತ ಬರಸಾಕತ್ತೀರಿ."

ಅವನು ಬಿಸಿಲಿನ ಗೆರೆಯಿಂದ ನೆರಳಿಗೆ ಸರಿದ. "ಆಕಿಗೆ ಸತ್ತ ಅಂತ ಹೇಳಿಬಿಡ್ರಿ ಮೇಡಂ. ಖಾಜಾ ದಿನಾ ನನ್ನ ಜೋಡಿ ಕುಂತು ಬುತ್ತಿ ಬಿಚ್ಚತಿದ್ದ. ಅವತ್ತು ನೆರಳದ, ಒಳಗ ಕುಂದ್ರೂಣು ಬಾ ಅಂತ ಕರದಾವ ನಾನು. ನಾ ಕೈ ತೊಳ್ಯಾಕ ಹೊರಗ ಬಂದಿದ್ದೆ. ಹೀರಾಬಿ ಮನಿ ನಮ್ಮನಿ ಎದರಿಗೇ ಅದ. ಬಾಗ್ಲಾ ತಗದ್ರ ಆಕಿ ಮಕ. ನಾ ಹ್ಯಾಂಗ ಹೋಗ್ಲಿ?"

ವಿಶಾಖಾ ಅವನ ಹಿಂದಿನ ಚೀಲಗಳ ಕಡೆಗೆ ನೋಡಿದಳು. ಈ ಮನುಷ್ಯನಿಗೆ ಯಾರೂ ಬೆದರಿಕೆ ಹಾಕಿರಲಿಲ್ಲ. ಬೇಕಾಗಿಯೇ ಇರಲಿಲ್ಲ. ಹಂಪಣ್ಣ ಅವನಿಗೆ ಕೊಟ್ಟದ್ದು ಚೀಲಗಳ ಹಿಂದೆ ಒಂದು ಕತ್ತಲೆ, ಅಷ್ಟೇ. ಉಳಿದದ್ದನ್ನು ಅವನೇ ಮಾಡಿಕೊಂಡಿದ್ದ. ಅವಳ ವರದಿ ಹೀಗೇ ಹೋದರೆ ಬೂದಿ ಕೊಟ್ಟವನು ಕುರ್ಚಿಯಲ್ಲೇ ಉಳಿಯುತ್ತಾನೆ.

"ಒಂದು ಮಾತು ಹೇಳ್ರಿ," ಅಂದಳು. "ಕಾಳು ಯಾಕ ಒತ್ತಿದ್ರಿ? ಅದೂ ಕುದಿಸಿದ್ದು?"

ಯಂಕೋಬ ಮೊದಲ ಸಲ ತಲೆ ಎತ್ತಿದ.

"ಯಾವ ಕಾಳ್ರಿ?"

"ಕ್ಯೂಬಿನ್ಯಾಗ. ನಿಮ್ಮ ಹೆಬ್ಬೆರಳಿನ ಕಾಳು."

"ನಾ ಒತ್ತಿಲ್ಲ." ಅವನ ಮಾತಿಗೆ ಈಗ ಜೀವ ಬಂದಿತ್ತು. "ಖಾಜಾ ಹ್ವಾದ ಮ್ಯಾಲೆ ನಾ ಕಾಳ್ ಮುಟ್ಟಿಲ್ರಿ. ಗಂಟು ಬಿಚ್ಚಿ ಹೊಳ್ಯಾಗ ಒಗದೆ. ಮತ್ತ ಸುಳ್ಳು ಕ್ಯೂಬಿಗೆ ಯಾರರ ಕಾಳು ಇಡ್ತಾರೇನು?" ಆಮೇಲೆ, ಮುಖ ಬಿಳಚಿಕೊಂಡು: "ಆ ಕಾಳಿನ ಸುದ್ದಿ ನಿಮಗ ಹ್ಯಾಂಗ ಗೊತ್ತು? ಕನಕಿಗೊಬ್ಬಾಕಿಗೇ ಹೇಳಿದ್ದೆ ನಾ."

"ಕ್ಯೂಬು ತುಂಬಿ ಎಲ್ಲಿಟ್ಟಿದ್ರಿ?"

"ಅಲ್ಲಿ. ಕಣದ ಅಂಚಿಗೆ. ಹಸೀ ಇದ್ವು, ಗಟ್ಟಿ ಆಗ್ಲಿ ಅಂತ ಬಿಟ್ಟು ನಾ ಒಳಗ ಹೋದೆ."

ಹಂಪಣ್ಣನ ಫೋನು ಹೊಡೆಯಿತು. ಅವನು ಹೆಸರು ನೋಡಿ, ಎದ್ದು ಬೆನ್ನು ತಿರುಗಿಸಿದ. "ಹಾಂ, ಹೇಳ್ರಿ... ಮಾನ್ವಿಯಿಂದ ಜೀಪ್ ಬಿಟ್ಟದಾ? ಎಷ್ಟೊತ್ತಾತು?"

ವಿಶಾಖಾ ಕಣದ ಕಡೆಗೆ ನೋಡುತ್ತಿದ್ದಳು. ಹಸಿ ಕ್ಯೂಬುಗಳ ಪಕ್ಕದಿಂದ ದಿನವಿಡೀ ಹಾದು ಹೋದವರು ಆ ಹೆಂಗಸರು. ಕಾಲಡಿಯ ಕಾಳನ್ನು ಬಾಗಿ ಎತ್ತಿಕೊಳ್ಳಬಲ್ಲವರು. ಅವರಲ್ಲಿ ಕಾಳಿನ ಗುಟ್ಟು ಗೊತ್ತಿರಬಹುದಾದವಳು ಒಬ್ಬಳೇ.

ಯಶೋದಾ ಎಂದು ಕರೆಸಿಕೊಂಡವಳು ಚಹಾ ತಂದಳು. ತಟ್ಟೆಯ ಮೇಲೆ ಮೂರು ಲೋಟ. ಮುಖದ ಬಟ್ಟೆ ಬಿಚ್ಚಿರಲಿಲ್ಲ. ಕಣ್ಣು ಮಾತ್ರ ಕಾಣುತ್ತಿತ್ತು. ಎದುರಿನವರನ್ನು ನೆಟ್ಟು ನೋಡುವ ಕಣ್ಣು. ಮಸರಕಲ್ಲಿನ ಬಾಗಿಲೊಳಗೆ ಕೂತು ಅಳುವಾಗಲೂ ಕೆಳಗೆ ಬೀಳದ ಕಣ್ಣು.

ಕನಕಮ್ಮ.

ಹೇಳಿಕಳಿಸಿದಾಗ ಬಂದು ಮನೆಯಲ್ಲಿ ಕೂತವಳು ಎಲ್ಲಿಂದ ಬಂದಳೆಂದು ಅಂದು ಯಾರೂ ಕೇಳಿರಲಿಲ್ಲ. ಗಂಡ ಇಲ್ಲಿರುವುದು ಅವಳಿಗೆ ಆಗಲೇ ಗೊತ್ತಿತ್ತು. ಅವನು ಚೀಲಗಳ ಹಿಂದೆ, ಅವಳು ಕಣದ ಮೇಲೆ. ಕೂಗಿದರೆ ಕೇಳಿಸುವ ದೂರ. ಅವನು ತಲೆ ಎತ್ತಲಿಲ್ಲ, ಅವಳು ಬಟ್ಟೆ ತೆಗೆಯಲಿಲ್ಲ. ಅವನು ಸುಳ್ಳು ಸಾಕ್ಷಿ ತುಂಬುವುದನ್ನು ನೋಡಿದಳು. ಹಸಿ ಸಿಮೆಂಟಿಗೆ ಕೈಗೆ ಸಿಕ್ಕ ಕಾಳು ಒತ್ತಿದಳು. ಆಮೇಲೆ ಊರಿಗೆ ಬಂದು, ಅದನ್ನೇ ಹುಡುಕು ಎಂದು ವಿಶಾಖಾಳ ಕೈ ಹಿಡಿದಳು.

ಗಂಡನನ್ನು ಉಳಿಸಲೆಂದೇ? ಹಿಡಿದುಕೊಡಲೆಂದೇ?

ಕನಕಮ್ಮ ಮೊದಲು ಹಂಪಣ್ಣನಿಗೆ ಕೊಟ್ಟಳು. ಅವನು ಫೋನು ಕಿವಿಯಿಂದ ತೆಗೆಯದೆ, ಅವಳ ಕಡೆ ನೋಡದೆ ತೆಗೆದುಕೊಂಡ. ಆಮೇಲೆ ಯಂಕೋಬನ ಮುಂದೆ ನಿಂತಳು. ಅವನ ತಲೆ ಮತ್ತೆ ಕೆಳಗಿತ್ತು. ಲೋಟ ಕೈ ಬದಲಾಗುವಾಗ ಇಬ್ಬರ ಬೆರಳೂ ತಾಗಿದವು. ಅವನಿಗೆ ತಿಳಿಯಲಿಲ್ಲ.

ಮೂರನೆಯ ಲೋಟದೊಂದಿಗೆ ಅವಳು ವಿಶಾಖಾಳ ಎದುರಿಗೆ ಬಂದಳು.

ವಿಶಾಖಾ ಕೈ ಚಾಚಿದಳು. ಕನಕಮ್ಮ ಕೊಡಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಲೋಟವನ್ನು ನಿಧಾನವಾಗಿ ಬಗ್ಗಿಸಿ, ಅಷ್ಟೂ ಚಹಾವನ್ನು ನೆಲದ ಬೂದಿಗೆ ಸುರಿದಳು. ಬೂದಿ ಸದ್ದಿಲ್ಲದೆ ಕುಡಿಯಿತು. ಖಾಲಿ ಲೋಟ ತಟ್ಟೆಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಹೋಗಲಿಲ್ಲ. ಚಹಾದಲ್ಲಿ ಏನೋ ಬೆರೆತಿದೆ, ತನಗೊಬ್ಬಳಿಗೇ ಕುಡಿಯಬೇಡ ಎಂದಳು ಎಂದು ವಿಶಾಖಾಳಿಗೆ ಹೊಳೆಯಿತು.

ಹಂಪಣ್ಣ ಬೆನ್ನು ಹಾಕಿಕೊಂಡೇ ಊದಿ, ಒಂದು ಗುಟುಕು ನುಂಗಿದ. "ಹಾಂ, ಹಾಂ, ಬರ್ಲಿ ಬಿಡ್ರಿ," ಅನ್ನುತ್ತಿದ್ದ ಫೋನಿಗೆ. ಇನ್ನೊಂದು ಗುಟುಕು.

ಯಂಕೋಬ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ತಂದ.

ರಸ್ತೆಯಲ್ಲಿ ಜೀಪಿನ ಸದ್ದು ಇನ್ನೂ ಇರಲಿಲ್ಲ. ಕನಕಮ್ಮ ಅವನ ಗಂಟಲನ್ನೇ ನೋಡುತ್ತಿದ್ದಳು.

"ಯಂಕೋಬಾ, ತಡೀರಿ," ಅಂದಳು ವಿಶಾಖಾ. "ಕುಡಿಯೂಕಿಂತ ಮೊದ್ಲ, ಕೊಟ್ಟಾಕಿ ಮಕ ನೋಡ್ರಿ."